ಐದಡಿ ದೂರದ ಕಾನೂನು

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವೆಂಬ ಸರ್ಕಾರಿ ಸಂಸ್ಥೆ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಅದರ ಕೇಂದ್ರ ಕಚೇರಿ ಇದ್ದದ್ದು ಮುಂಬಯಿಯ ಫೋರ್ಟ್‌ನಲ್ಲಿ. ಸರಿಯಾಗಿ ಹತ್ತು ವರ್ಷದ ಮೇಲೆ, 2005ರ ಆಗಸ್ಟ್ 15ರಿಂದ, ಅದೇ ಊರಿನ ಡಾನ್ಸ್ ಬಾರ್‌ಗಳಲ್ಲಿ ನೃತ್ಯ ನಿಲ್ಲಬೇಕೆಂಬ ಕಾನೂನು ಜಾರಿಗೆ ಬಂತು. ಈ ಎರಡು ದಿನಾಂಕಗಳನ್ನು ಜೋಡಿಸಿ ನೋಡುವ ರೂಢಿ ನಮ್ಮಲ್ಲಿಲ್ಲ. ಒಂದನ್ನು ತಂತ್ರಜ್ಞಾನದ ಚರಿತ್ರೆಗೂ ಇನ್ನೊಂದನ್ನು ನೈತಿಕ ರಾಜಕಾರಣದ ಚರಿತ್ರೆಗೂ ಹಂಚಿಬಿಟ್ಟಿದ್ದೇವೆ. ಇವತ್ತು ಫೋನಿನ ಪರದೆಯಲ್ಲಿ ಒಬ್ಬಾಕೆ ನೇರವಾಗಿ ಕಾಣಿಸಿಕೊಳ್ಳುತ್ತಾಳೆ, ನೋಡುವವನು ದುಡ್ಡು ಕಳಿಸುತ್ತಾನೆ, ಆಕೆ ಅವನ ಹೆಸರು ಹಿಡಿದು ಮಾತಾಡಿಸುತ್ತಾಳೆ, ನಡುವಿನ ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಈ ವೆಬ್‌ಕ್ಯಾಮ್ ವ್ಯಾಪಾರ ಅರ್ಥವಾಗಬೇಕಾದರೆ ಆ ಎರಡು ಚರಿತ್ರೆಗಳನ್ನು ಒಟ್ಟಿಗೇ ಓದಬೇಕು. ನನ್ನ ವಾದ ಇಷ್ಟೆ: ವೆಬ್‌ಕ್ಯಾಮ್ ವ್ಯಾಪಾರದ ಒಳಗಿನ ಕಟ್ಟು ಹಳೆಯದು, ಅದನ್ನು ಮುಂಬಯಿ ನೂರೈವತ್ತು ವರ್ಷಗಳಿಂದ ಬಲ್ಲುದು. ಆ ವ್ಯಾಪಾರ ನಡೆಯುವ ಕೋಣೆ ಮಾತ್ರ ಈಗ ಇಲ್ಲವಾಗಿದೆ. ನಮ್ಮ ಕಾನೂನು ಉದ್ದಕ್ಕೂ ಆ ಕೋಣೆಯನ್ನೇ ಅಳೆಯುತ್ತ ಬಂದದ್ದರಿಂದ, ಕೋಣೆ ಹೋದಾಗ ದುಡಿಯುವವಳ ಪಾಲಿಗೆ ಉಳಿದದ್ದು ಶಿಕ್ಷೆ ಮಾತ್ರ, ರಕ್ಷಣೆಯಲ್ಲ.

ಮುಂಬಯಿಯಲ್ಲಿ ದುಡ್ಡು ಕೊಟ್ಟು ನೋಡುವ ಆಟಪಾಟಗಳು ಒಂದು ಬೀದಿಗೆ ಅಂಟಿಕೊಂಡೇ ಬೆಳೆದವು. 1846ರಲ್ಲಿ ಜಗನ್ನಾಥ ಶಂಕರಶೇಟರ ಕೊಡುಗೆಯಿಂದ ಗ್ರಾಂಟ್ ರೋಡಿನಲ್ಲಿ ನಾಟಕಶಾಲೆ ಎದ್ದಿತು. 1853ರಲ್ಲಿ ಸಾಂಗ್ಲಿಯಿಂದ ವಿಷ್ಣುದಾಸ ಭಾವೆಯವರ ತಂಡ ಬಂದು ಅಲ್ಲಿ ಆಡಿತು. ಪಾರ್ಸಿ ನಾಟಕಗಳು, ತಮಾಷಾ ಮೇಳಗಳು, ಕೋಠಿಗಳ ಹಾಡುಗಾರ್ತಿಯರು ಆ ಸುತ್ತಿನಲ್ಲೇ ನೆಲೆಯೂರಿದರು. ಸರ್ಕಾರದ ಹಿಡಿತವೂ ಹಿಂದೆಯೇ ಬಂತು: 1876ರಲ್ಲಿ ನಾಟಕ ಪ್ರದರ್ಶನಗಳನ್ನು ತಡೆಯುವ ಅಧಿಕಾರ, 1923ರಲ್ಲಿ ಮನರಂಜನಾ ತೆರಿಗೆ, ಸ್ವಾತಂತ್ರ್ಯದ ಹೊಸತರಲ್ಲಿ ತಮಾಷಾದ ಮೇಲೆ ನಿಷೇಧ ಮತ್ತು ಸುಧಾರಣೆಯ ಷರತ್ತಿನ ಮೇಲೆ ಅದರ ತೆರವು, 1951ರ ಬಾಂಬೆ ಪೊಲೀಸ್ ಕಾಯ್ದೆ, ಅದರಡಿ 1960ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ನಿಯಮಗಳು. ಲೈಸೆನ್ಸ್ ಸಿಗುತ್ತಿದ್ದದ್ದು ಕಟ್ಟಡಕ್ಕೆ ಮತ್ತು ಅದರೊಳಗಿನ ಪ್ರದರ್ಶನಕ್ಕೆ. ಒಳಗೆ ನೋಡುವವರಿಗೂ ಆಡುವವರಿಗೂ ನಡುವೆ ನಡೆಯುತ್ತಿದ್ದ ದುಡ್ಡಿನ ಕೊಡುಕೊಳ್ಳುವಿಕೆಗೆ ಅದರದೇ ಹಳೆಯ ರಿವಾಜಿತ್ತು. ತಮಾಷಾದ ಒಂದು ಬಗೆಯಾದ ಸಂಗೀತ ಬಾರಿಯ ಲಾವಣಿಯಲ್ಲಿ ಅದಕ್ಕೆ ದೌಲತ್‌ಜಾದಾ ಎನ್ನುತ್ತಾರೆ. ನೋಡುವವನು ನೋಟು ಚಾಚಿ ತನಗೆ ಬೇಕಾದ ಹಾಡು ಕೇಳುತ್ತಾನೆ, ಕಲಾವಿದೆ ಅವನತ್ತ ತಿರುಗಿ ಹಾಡುತ್ತಾಳೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಯ ನಾಟಕಗಳಲ್ಲಿ ಆಯೇರಿ ಮಾಡಿದವನ ಹೆಸರನ್ನು ಮೈಕಿನಲ್ಲಿ ಕೂಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಟ್ಟವನಿಗೆ ಬೇಕಾದದ್ದು ಹಾಡಿಗಿಂತ ಹೆಚ್ಚಾಗಿ ಹತ್ತು ಜನರ ನಡುವೆ ತನ್ನನ್ನು ಗುರುತಿಸುವ ಆ ಗಳಿಗೆ. ವೆಬ್‌ಕ್ಯಾಮ್ ತಾಣಗಳಲ್ಲಿ ಟೋಕನ್ ಕಳಿಸಿದವನ ಹೆಸರು ಪರದೆಯ ಮೇಲೆ ಮಿಂಚುವುದು ಇದೇ ರಿವಾಜಿನ ಮುಂದುವರಿಕೆ.

ಈ ರಿವಾಜು ಹೋಟೆಲಿನೊಳಗೆ ಬಂದ ಬಗೆಯಲ್ಲಿ ಕನ್ನಡ ಕರಾವಳಿಯ ಪಾತ್ರವಿದೆ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹೊರಟವರು ತಟ್ಟೆ ತೊಳೆಯುವ ಕೆಲಸದಿಂದ ಶುರುಮಾಡಿ, ರಾತ್ರಿ ಶಾಲೆಯಲ್ಲಿ ಕಲಿತು, ಮುಂಬಯಿಯ ಗಲ್ಲಿಗಲ್ಲಿಯಲ್ಲಿ ಹೋಟೆಲ್ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕಥೆ. 1949ರ ಪಾನನಿಷೇಧ ಕಾನೂನು ಎಪ್ಪತ್ತರ ದಶಕದಲ್ಲಿ ಸಡಿಲವಾದಾಗ ಇಡ್ಲಿ ಸಾಂಬಾರಿನ ಕೆಲವು ಹೋಟೆಲುಗಳ ಪಕ್ಕದಲ್ಲಿ, ಮಹಡಿಯಲ್ಲಿ, ಮದ್ಯ ಕೊಡುವ ಪರ್ಮಿಟ್ ರೂಮುಗಳು ತೆರೆದವು. ಗಿರಾಕಿ ಇನ್ನೊಂದು ಪೆಗ್ ತರಿಸಲಿ ಎಂದು ಮೊದಲು ಆರ್ಕೆಸ್ಟ್ರಾ ಬಂತು, ಆಮೇಲೆ ಸಿನಿಮಾ ಹಾಡಿಗೆ ನೃತ್ಯ ಬಂತು. 1985–86ರಲ್ಲಿ 24ರಷ್ಟಿದ್ದ ಇಂಥ ಬಾರ್‌ಗಳು ಹತ್ತು ವರ್ಷದಲ್ಲಿ ಸುಮಾರು 210 ಆದವೆಂದು, ಬಾರ್ ನರ್ತಕಿಯರ ಪರವಾಗಿ ವಾದಿಸಿದ ವಕೀಲೆ ಫ್ಲೇವಿಯಾ ಆಗ್ನೆಸ್ ಬರೆದಿದ್ದಾರೆ. ಕುಣಿಯಲು ಬಂದವರಲ್ಲಿ ಹಲವರು ಬೇಡಿಯಾ, ನಟ್, ಭಾಟು, ಕೊಲ್ಹಾಟಿಯಂಥ, ತಲೆತಲಾಂತರದಿಂದ ಹಾಡು-ನೃತ್ಯವನ್ನೇ ಬದುಕಾಗಿಸಿಕೊಂಡ ಸಮುದಾಯಗಳವರು. ಜಮೀನ್ದಾರನ ಅಂಗಳ ಹೋಯಿತು, ಕೋಠಿ ಸೊರಗಿತು, ಮುಂಬಯಿಯ ಬಾರ್ ಆ ಜಾಗಕ್ಕೆ ಬಂತು. ಬಿದ್ದ ನೋಟುಗಳನ್ನು ರಾತ್ರಿ ಎಣಿಸಿ ಮಾಲೀಕನೂ ನರ್ತಕಿಯೂ ಮಾತಾಡಿಕೊಂಡ ಲೆಕ್ಕದಂತೆ ಹಂಚಿಕೊಳ್ಳುತ್ತಿದ್ದರು. ನೋಡುವ ಒಬ್ಬ, ಕಾಣುವ ಒಬ್ಬಳು, ಪಾಲು ಮುರಿಯುವ ಮೂರನೆಯವನು: ಮೂರು ಕಾಲಿನ ಈ ವ್ಯವಹಾರಕ್ಕೆ ಇಂಟರ್‌ನೆಟ್ ಹೊಸದಾಗಿ ಯಾವ ಕಾಲನ್ನೂ ಸೇರಿಸಲಿಲ್ಲ.

ಸರ್ಕಾರ ಈ ವ್ಯವಹಾರವನ್ನು ಎದುರಿಸಿದ್ದು ಅಳತೆಗೋಲು ಹಿಡಿದು. ಆಗಿನ ಗೃಹಮಂತ್ರಿ ಆರ್. ಆರ್. ಪಾಟೀಲರ ಮುಂದಾಳ್ತನದಲ್ಲಿ 2005ರಲ್ಲಿ ಪೊಲೀಸ್ ಕಾಯ್ದೆಗೆ 33ಎ ಮತ್ತು 33ಬಿ ಕಲಮುಗಳು ಸೇರಿದವು. ಮೊದಲನೆಯದು ಹೋಟೆಲ್, ಪರ್ಮಿಟ್ ರೂಮ್, ಬಿಯರ್ ಬಾರ್‌ಗಳಲ್ಲಿ ನೃತ್ಯ ನಿಷೇಧಿಸಿತು. ಎರಡನೆಯದು ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ಹೋಟೆಲುಗಳನ್ನೂ ಜಿಮಖಾನಾ, ಕ್ಲಬ್ಬುಗಳನ್ನೂ ಹೊರಗಿಟ್ಟಿತು. ಒಂದೇ ನೃತ್ಯ ಒಂದು ಬಗೆಯ ಗೋಡೆಯೊಳಗೆ ಅಪರಾಧ, ಇನ್ನೊಂದು ಬಗೆಯ ಗೋಡೆಯೊಳಗೆ ಮನರಂಜನೆ. ‘ಆಹಾರ್’ ಎಂದೇ ಕರೆಯಲಾಗುವ ಹೋಟೆಲ್ ಮಾಲೀಕರ ಸಂಘ, ಬಾರ್ ನರ್ತಕಿಯರ ಯೂನಿಯನ್, ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು. 2006ರ ಏಪ್ರಿಲ್ 12ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು, 2013ರ ಜುಲೈ 16ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಮಾನತೆಯ ಹಕ್ಕು, ಉದ್ಯೋಗದ ಹಕ್ಕು ಎರಡೂ ಮುರಿದಿವೆ ಎಂದ ಕೋರ್ಟ್, ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಂಗಸರು ಕೆಲಸ ಕಳೆದುಕೊಂಡದ್ದನ್ನೂ ಗಮನಿಸಿತು. 2014ರಲ್ಲಿ ಸರ್ಕಾರ ನಕ್ಷತ್ರ ಹೋಟೆಲುಗಳನ್ನೂ ಸೇರಿಸಿ ನಿಷೇಧವನ್ನು ಮತ್ತೆ ತಂದಿತು, 2015ರ ಅಕ್ಟೋಬರಿನಲ್ಲಿ ಅದಕ್ಕೂ ತಡೆಯಾಜ್ಞೆ ಬಂತು. ಆಗ ಲೈಸೆನ್ಸಿನ ಷರತ್ತುಗಳ ಕಾಲ ಶುರುವಾಯಿತು. ವೇದಿಕೆಯ ಸುತ್ತ ಮೂರಡಿ ಎತ್ತರದ ಕಂಬಿ, ಕಂಬಿಗೂ ಗಿರಾಕಿಯ ಕುರ್ಚಿಗೂ ಐದಡಿ ದೂರ, ಏಕಕಾಲಕ್ಕೆ ವೇದಿಕೆಯ ಮೇಲೆ ಇಂತಿಷ್ಟೇ ಜನ, ಶಾಲೆಯಿಂದಲೂ ದೇವಸ್ಥಾನದಿಂದಲೂ ಒಂದು ಕಿಲೋಮೀಟರ್ ಅಂತರ. ಒಂದು ಇಡೀ ರಾಜ್ಯದ ನೀತಿಚಿಂತನೆ ಬಡಗಿಯ ಟೇಪಿನ ಮೇಲೆ ಬಂದು ಕೂತಿತ್ತು.

ಇದು ಡಾನ್ಸ್ ಬಾರಿಗಷ್ಟೇ ಸೀಮಿತವಾದ ಬುದ್ಧಿಯೆಂದು ತಿಳಿಯಬೇಕಿಲ್ಲ. ಇಂಟರ್‌ನೆಟ್ ಮುಂಬಯಿಯ ಬೀದಿಗೆ ಬಂದಾಗಲೂ ಅದು ಮೊದಲು ಕಂಡದ್ದು ಒಂದು ಕೋಣೆಯ ರೂಪದಲ್ಲಿ, ಸೈಬರ್ ಕೆಫೆಯಾಗಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಗಂಟೆಯ ಲೆಕ್ಕದಲ್ಲಿ ದುಡ್ಡು ತೆತ್ತು, ಪ್ಲೈವುಡ್ ಮರೆಯ ಕ್ಯಾಬಿನ್ನಿನಲ್ಲಿ ಕೂತು, ಗಲ್ಫಿನಲ್ಲಿದ್ದ ಗಂಡನೊಡನೆಯೋ ಅಮೆರಿಕದಲ್ಲಿದ್ದ ಮಗನೊಡನೆಯೋ ವೆಬ್‌ಕ್ಯಾಮಿನಲ್ಲಿ ಮಾತಾಡಿದ ಕಾಲವದು. ಅದೇ ಕ್ಯಾಬಿನ್ನಿನಲ್ಲಿ ಹುಡುಗರು ಅಶ್ಲೀಲ ತಾಣಗಳನ್ನು ನೋಡುತ್ತಾರೆಂಬ ದೂರು 2001ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಯಿತು. ಕೋರ್ಟ್ ಒಂದು ಸಮಿತಿ ನೇಮಿಸಿತು, ಅಪ್ರಾಪ್ತರನ್ನು ಕಾಪಾಡುವ ಬಗೆಯ ಕುರಿತು ಅದು ವರದಿ ಕೊಟ್ಟಿತು. ಮುಂದೆ 2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ಮಾಡಿದಾಗ ಕ್ಯಾಬಿನ್ನಿನ ಮರೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು ಎಂದು ಬರೆಯಿತು. ಬಾರಿನಲ್ಲಿ ಮೂರಡಿ, ಕೆಫೆಯಲ್ಲಿ ನಾಲ್ಕೂವರೆ ಅಡಿ. ಕ್ಯಾಮೆರಾದ ಮುಂದೆ ಬದುಕುವುದೆಂದರೇನು ಎಂಬ ಪ್ರಶ್ನೆಗೆ ಆಗಲೇ ಹೊರಗಿನ ಜಗತ್ತಿನಲ್ಲಿ ಉತ್ತರಗಳು ಸಿಗತೊಡಗಿದ್ದವು. 1991ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಕಾಫಿ ಪಾತ್ರೆ ತುಂಬಿದೆಯೇ ಎಂದು ಕೂತಲ್ಲಿಂದಲೇ ನೋಡಲು ಕ್ಯಾಮೆರಾ ಹೂಡಿದ್ದರು. 1996ರಲ್ಲಿ ಜೆನಿಫರ್ ರಿಂಗ್ಲಿ ಎಂಬ ಅಮೆರಿಕದ ವಿದ್ಯಾರ್ಥಿನಿ ತನ್ನ ಹಾಸ್ಟೆಲ್ ಕೋಣೆಯನ್ನೇ ಜಗತ್ತಿಗೆ ತೆರೆದಿಟ್ಟು, ಮುಂದೆ ನೋಡುಗರಿಂದ ಚಂದಾ ಪಡೆದಳು. ಕ್ಯಾಮೆರಾ ಇದ್ದಲ್ಲೇ ರಂಗಸ್ಥಳ ಎಂಬುದು ಅಲ್ಲಿಗೆ ಸ್ಪಷ್ಟವಾಗಿತ್ತು. ನಮ್ಮಲ್ಲಿ ಹದಿನೈದು ವರ್ಷ ಕಳೆದ ಮೇಲೂ ಪ್ಲೈವುಡ್ಡಿನ ಎತ್ತರ ಅಳೆಯುತ್ತಿದ್ದೆವು.

ಈ ಎರಡು ಚರಿತ್ರೆಗಳು ಢಿಕ್ಕಿ ಹೊಡೆದದ್ದು 2016ರಲ್ಲಿ. ಆ ವರ್ಷ ಮಹಾರಾಷ್ಟ್ರ ಸರ್ಕಾರ ಬಾರ್ ಮಾಲೀಕರ ಮುಂದಿಟ್ಟಿದ್ದ ಷರತ್ತುಗಳಲ್ಲಿ ಒಂದು, ನೃತ್ಯ ನಡೆಯುವ ಜಾಗದ ಸಿಸಿಟಿವಿ ದೃಶ್ಯ ಪೊಲೀಸ್ ಕಂಟ್ರೋಲ್ ರೂಮಿಗೆ ನೇರವಾಗಿ ಹರಿಯಬೇಕು ಎಂಬುದು. ಹೆಣ್ಣಿನ ಮರ್ಯಾದೆ ಉಳಿಸಲು ಹೊರಟ ಸರ್ಕಾರ ಆಕೆಯ ನೃತ್ಯವನ್ನು ಲೈವ್ ಮಾಡಿ ಎಂದು ಕೇಳಿತ್ತು, ನೋಡುಗ ಪೊಲೀಸನಾಗಿರಬೇಕು ಎಂಬುದಷ್ಟೇ ವ್ಯತ್ಯಾಸ. ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಕ್ಯಾಮೆರಾ ಬಾಗಿಲಿನಲ್ಲಿದ್ದರೆ ಸಾಕೆಂದಿತು. ಅದೇ ತಿಂಗಳು ಬಾಂಬೆ ಹೈಕೋರ್ಟ್ ಅಂಧೇರಿಯ ಫ್ಲ್ಯಾಟೊಂದರ ಮೇಲಿನ ಪೊಲೀಸ್ ದಾಳಿಯ ಪ್ರಕರಣದಲ್ಲಿ, ಖಾಸಗಿ ಫ್ಲ್ಯಾಟ್ ಸಾರ್ವಜನಿಕ ಸ್ಥಳವಲ್ಲವಾದ್ದರಿಂದ ದಂಡಸಂಹಿತೆಯ 294ನೇ ಕಲಮಿನ ಅಶ್ಲೀಲ ವರ್ತನೆಯ ಆರೋಪ ನಿಲ್ಲದೆಂದು ಎಫ್‌ಐಆರ್ ರದ್ದುಮಾಡಿತು. ಸೆಪ್ಟೆಂಬರ್ 5ಕ್ಕೆ, ಮುಂಬಯಿಯಲ್ಲೇ ನೆಲೆಯಿದ್ದ ರಿಲಯನ್ಸಿನ ಜಿಯೋ ಸೇವೆ ಶುರುವಾಗಿ, ವಿಡಿಯೊ ಹರಿಸುವಷ್ಟು ಡೇಟಾ ಬಡವರ ಕೈಗೂ ಎಟುಕಿತು. ಮೂರನ್ನೂ ಕೂಡಿಸಿ ನೋಡಿ. ಬಾರಿನ ಕೋಣೆ ಷರತ್ತುಗಳ ಭಾರಕ್ಕೆ ಕುಸಿಯುತ್ತಿದೆ, ಮನೆಯ ಕೋಣೆ ಆ ಕಾನೂನಿನ ಕೈಗೆ ಸಿಗುವುದಿಲ್ಲ, ಮನೆಯ ಕೋಣೆಯಿಂದಲೇ ನೇರಪ್ರಸಾರ ಮಾಡಬಲ್ಲ ಯಂತ್ರ ಎಲ್ಲರ ಜೇಬಿನಲ್ಲಿದೆ. ಬಿಗೋ ಲೈವ್‌ನಂಥ ನೇರಪ್ರಸಾರದ ಆ್ಯಪ್‌ಗಳು ಬೆಳೆದದ್ದು ಈ ನೆಲದ ಮೇಲೆ.

ಕೋಣೆಯ ಕಾನೂನಿಗೆ ದೋಷಗಳಿದ್ದವು, ಆದರೆ ಒಂದು ಗುಣವೂ ಇತ್ತು: ಅದು ಹೊಣೆಯನ್ನು ಲೈಸೆನ್ಸ್ ಹೊಂದಿದ ಮಾಲೀಕನ ತಲೆಗೆ ಕಟ್ಟುತ್ತಿತ್ತು. ಬೀಗ ಬೀಳುವುದು ಅವನ ಬಾಗಿಲಿಗೆ, ಶುಲ್ಕ ಕಟ್ಟಬೇಕಾದವನು ಅವನು. ಪರದೆಯ ಮೇಲಿನ ಪ್ರದರ್ಶನಕ್ಕೆ ಅನ್ವಯವಾಗುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಮುಗಳು ಅಶ್ಲೀಲವಾದದ್ದನ್ನು ಪ್ರಕಟಿಸುವವರನ್ನೂ ರವಾನಿಸುವವರನ್ನೂ ಹಿಡಿಯುತ್ತವೆ. ಮೊದಲ ಅಪರಾಧಕ್ಕೇ 67ರಡಿ ಮೂರು ವರ್ಷ, 67ಎ ಅಡಿ ಐದು ವರ್ಷದವರೆಗೆ ಸೆರೆ. ಕ್ಯಾಮೆರಾದ ಮುಂದೆ ಕೂತವಳೇ ಇಲ್ಲಿ ರವಾನಿಸುವವಳು. ನಡುವಿನ ಕಂಪನಿಗೆ ಅದೇ ಕಾಯ್ದೆಯ 79ನೇ ಕಲಮು ಮಧ್ಯವರ್ತಿಯೆಂಬ ಆಸರೆ ಕೊಡುತ್ತದೆ. ನಿಗದಿತ ಎಚ್ಚರಿಕೆ ವಹಿಸಿದ್ದೇನೆಂದು ತೋರಿಸಿದರೆ ಅದು ಪಾರಾಗಬಹುದು. ಬಾರಿನ ಮಾಲೀಕ ನಿಂತಿದ್ದ ಜಾಗದಲ್ಲೇ ಇವತ್ತು ಕಂಪನಿ ನಿಂತಿದೆ, ಅವನಂತೆಯೇ ಪಾಲು ಮುರಿಯುತ್ತದೆ, ಆದರೆ ಅವನಿಗಿದ್ದ ಹೊಣೆ ಅದಕ್ಕಿಲ್ಲ. ಆ ಹೊಣೆ ಜಾರಿ ಬಿದ್ದದ್ದು ಅತ್ಯಂತ ಕಡಿಮೆ ಬಲವಿರುವವಳ ಹೆಗಲಿಗೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬಾರಿನಲ್ಲಿ ಕುಡಿದವನು ಕೈಚಾಚಬಹುದಿತ್ತು, ಹಿಂಬಾಲಿಸಬಹುದಿತ್ತು. ಪರದೆಯ ಆಚೆಯವನು ಮುಟ್ಟಲಾರ. ಐದಡಿ ದೂರಕ್ಕಾಗಿ ಅಷ್ಟೆಲ್ಲ ಹೆಣಗಿದ ಕಾನೂನಿಗೆ ಇಂಟರ್‌ನೆಟ್ ಐನೂರು ಮೈಲಿ ದೂರವನ್ನೇ ಪುಕ್ಕಟೆಯಾಗಿ ಕೊಟ್ಟಿದೆಯಲ್ಲ? ಮಾತು ನಿಜ, ಅದು ಸಣ್ಣ ಲಾಭವೂ ಅಲ್ಲ. ಆದರೆ ಬಾರಿನಲ್ಲಿ ಕುಣಿದದ್ದು ಬಾರು ಮುಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಊರಿನಲ್ಲಿರುವ ತಾಯಿಗೆ, ಶಾಲೆಗೆ ಹೋಗುವ ಮಗಳಿಗೆ ಅದು ತಲುಪಬೇಕಾದರೆ ಯಾರೋ ಹೋಗಿ ಬಾಯಿಬಿಡಬೇಕಿತ್ತು. ನೇರಪ್ರಸಾರ ಹೆಸರಿಗೆ ನೇರ. ಆಚೆ ಕೂತವನು ಗುಂಡಿ ಒತ್ತಿದರೆ ಅದು ಶಾಶ್ವತ ಪ್ರತಿ, ಬೆದರಿಸಿ ಹಣ ಕೀಳಲು ಆಯುಧ. ದೇಹಕ್ಕೆ ಸಿಕ್ಕ ದೂರವನ್ನು ಚಿತ್ರ ಕಿತ್ತುಕೊಂಡಿತು. 2019ರ ಜನವರಿ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಿಸಿಟಿವಿ ಕಡ್ಡಾಯವನ್ನು ತಳ್ಳಿಹಾಕಿದ್ದು ಖಾಸಗಿತನದ ಹಕ್ಕಿನ ಆಧಾರದ ಮೇಲೆ. ಎಲ್ಲರೆದುರು ಕುಣಿಯುವವಳಿಗೂ ತನ್ನ ಕುಣಿತ ದಾಖಲಾಗದೆ ಉಳಿಯುವ ಹಿತವಿದೆ ಎಂಬ ತಿಳಿವು ಆ ನಿಲುವಿನೊಳಗಿದೆ. ಆ ತಿಳಿವು ಪರದೆಯ ಮೇಲೆ ದುಡಿಯುವವಳಿಗೂ ಸಲ್ಲಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಡಾನ್ಸ್ ಬಾರನ್ನು ಹೀಗೆ ನೆನೆಯುವುದು ಅದನ್ನು ಚಂದಗಾಣಿಸಿದಂತೆ. ಅಲ್ಲಿ ಹಫ್ತಾ ಇತ್ತು, ದಲ್ಲಾಳಿಗಳಿದ್ದರು, ಸಣ್ಣ ವಯಸ್ಸಿನವರನ್ನು ತಂದ ಆರೋಪಗಳಿದ್ದವು, ಮಾಲೀಕರ ಲಾಭದ ಮುಂದೆ ನರ್ತಕಿಯ ಗಳಿಕೆ ಕಿರಿದಾಗಿತ್ತು. ದಾಳಿಯಾದಾಗ ಠಾಣೆಗೆ ಹೋಗಬೇಕಾದವರಲ್ಲಿ ಅವಳೂ ಇದ್ದಳು. ಇದಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಇದೆಲ್ಲ ನಮಗೆ ತಿಳಿದದ್ದು ಹೇಗೆ ಎಂದು ಕೇಳಿಕೊಳ್ಳಬೇಕು. 2005ರಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಸಂಶೋಧಕರೂ ಮಹಿಳಾ ಸಂಘಟನೆಯೊಂದರ ಕಾರ್ಯಕರ್ತೆಯರೂ 50 ಬಾರ್‌ಗಳಿಗೆ ಹೋಗಿ 500 ನರ್ತಕಿಯರನ್ನು ಮಾತಾಡಿಸಿದರು. ಅವರ ಊರು, ಓದು, ಗಳಿಕೆ, ಮನೆಯ ಹೊಣೆ ಎಲ್ಲ ದಾಖಲಾದವು. ಪ್ರಯಾಸ್ ಸಂಸ್ಥೆ ಇನ್ನೊಂದು ಅಧ್ಯಯನ ಮಾಡಿತು. ಸರ್ಕಾರವೂ ಅರ್ಜಿದಾರರೂ ಅಧ್ಯಯನಗಳನ್ನು ಕೋರ್ಟಿನ ಮುಂದಿಟ್ಟು ವಾದಿಸಿದರು, ನ್ಯಾಯಮೂರ್ತಿಗಳು ತೂಗಿ ನೋಡಿದರು. ಬಾಗಿಲು ಇದ್ದದ್ದರಿಂದ ಅದನ್ನು ತಟ್ಟಿ ಒಳಹೋಗಲು ಬಂತು. ಮೀರಾ ರೋಡಿನ ಯಾವುದೋ ಫ್ಲ್ಯಾಟಿನಲ್ಲಿ ಕದ ಮುಚ್ಚಿ, ಹೆಸರು ಬದಲಿಸಿ, ಎಲ್ಲೋ ನೋಂದಣಿಯಾದ ಕಂಪನಿಗಾಗಿ ಕ್ಯಾಮೆರಾದ ಮುಂದೆ ಕೂರುವವಳನ್ನು ಯಾವ ಸಂಶೋಧಕಿ ಹುಡುಕಿಕೊಂಡು ಹೋದಾಳು? ಅನ್ಯಾಯ ಕಡಿಮೆಯಾಯಿತೆಂದು ಹೇಳಲು ಬೇಕಾದ ಸಾಕ್ಷ್ಯವೇ ಅಲ್ಲಿ ಹುಟ್ಟುವುದಿಲ್ಲ.

ಮನೆಯಲ್ಲೇ ಕೂತು, ತನ್ನ ಹೊತ್ತಿಗೆ, ತನ್ನ ಇಚ್ಛೆಗೆ ದುಡಿಯುವುದು ಸ್ವಾತಂತ್ರ್ಯವಲ್ಲವೇ ಎಂಬುದು ಮೂರನೆಯ ಪ್ರಶ್ನೆ. ಕೆಲವರಿಗೆ ಖಂಡಿತ ಹೌದು. ರಾತ್ರಿ ಎರಡು ಗಂಟೆಗೆ ಟ್ಯಾಕ್ಸಿ ಹುಡುಕುವ ಕಷ್ಟವಾದರೂ ತಪ್ಪಿತು. ಆದರೆ ಟೋಕನ್ನಿನ ಬೆಲೆ, ಕಂಪನಿಯ ಪಾಲು, ಯಾರನ್ನು ಮೊದಲ ಪುಟದಲ್ಲಿ ತೋರಿಸಬೇಕು, ಯಾರ ಖಾತೆ ಮುಚ್ಚಬೇಕು ಎಂಬುದೆಲ್ಲ ಆಕೆಯ ಇಚ್ಛೆಗೆ ಹೊರಗಿನದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಜೊತೆಗೆ ಬಿಗೋ ಲೈವ್ ಕೂಡ ಮಾಯವಾಯಿತು. ಚರ್ಚೆ ಬಹುಮಟ್ಟಿಗೆ ಚೀನಾದ ಗಡಿ ಮತ್ತು ದತ್ತಾಂಶದ ಸುತ್ತಲೇ ನಡೆಯಿತು. ಲೈವ್‌ನಲ್ಲಿ ದುಡಿದು ಮನೆ ನಡೆಸುತ್ತಿದ್ದವರ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ. 2005ರ ನಿಷೇಧದ ಎದುರು ಬಾರ್ ನರ್ತಕಿಯರು ಮುಂಬಯಿಯ ಬೀದಿಯಲ್ಲಿ ಮೆರವಣಿಗೆ ಮಾಡಿದ್ದರು, ಅವರ ಯೂನಿಯನ್ನಿನ ಪರವಾಗಿ ವರ್ಷಾ ಕಾಳೆ ಮಾತಾಡಿದ್ದರು. ಒಂದೇ ಮೇಕಪ್ ಕೋಣೆಯಲ್ಲಿ ಕೂತವರು, ಒಂದೇ ಆಟೋದಲ್ಲಿ ಮನೆಗೆ ಹೋದವರು ಯೂನಿಯನ್ ಕಟ್ಟಬಲ್ಲರು. ಒಬ್ಬರ ಮುಖ ಇನ್ನೊಬ್ಬರು ಕಾಣದ, ಪಕ್ಕದ ಕಿಟಕಿಯವಳನ್ನು ಎದುರಾಳಿಯಾಗಿಯೇ ತೋರಿಸುವ ಪರದೆಯ ಮೇಲೆ ಅದು ಬಲು ಕಷ್ಟ.

ಹಾಗೆಂದು ಹಳೆಯ ಕೋಣೆಯನ್ನು ಮತ್ತೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ಮುಂಬಯಿಯ ಈ ವ್ಯಾಜ್ಯದಿಂದ ಎತ್ತಿಕೊಳ್ಳಬಹುದಾದ ಎರಡು ತತ್ವಗಳಿವೆ, ಅವಕ್ಕೆ ಗೋಡೆ ಬೇಕಿಲ್ಲ. 2019ರ ತೀರ್ಪು ಒಂದು ಕಿಲೋಮೀಟರಿನ ಅಂತರವನ್ನೂ ಕ್ಯಾಮೆರಾವನ್ನೂ ಕಿತ್ತುಹಾಕಿದರೂ, ದುಡಿಯುವವಳೊಡನೆ ಲಿಖಿತ ಕರಾರು ಇರಬೇಕು, ಸಂಭಾವನೆ ಬ್ಯಾಂಕ್ ಖಾತೆಗೆ ಹೋಗಬೇಕು ಎಂಬುದನ್ನು ಉಳಿಸಿತು. ನೋಟು ತೂರುವುದನ್ನು ತಡೆದರೂ, ಟಿಪ್ಸ್ ಕೊಡುವುದನ್ನು ತಡೆಯಲಿಲ್ಲ, ಅದು ಬಿಲ್ಲಿನ ಮೂಲಕವೇ ಹಾಯಬೇಕೆಂಬ ಷರತ್ತನ್ನು ಒಪ್ಪಲಿಲ್ಲ. ಕರಾರು ಕಾಗದದ ಮೇಲಿರಲಿ, ಇನಾಮು ಕೊಟ್ಟವನಿಂದ ಪಡೆದವಳಿಗೆ ಕಾಣುವ ಲೆಕ್ಕದಲ್ಲಿ ತಲುಪಲಿ ಎಂಬ ಈ ಮಾತುಗಳನ್ನು ಯಾವ ಆ್ಯಪ್‌ಗೂ ಹೇಳಬಹುದು. ಅದನ್ನು ಹೇಳಲು ಕಾನೂನಿನ ಜಾಗವೂ ಇದೆ. ಸಂಸತ್ತು 2020ರಲ್ಲಿ ಮಾಡಿದ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಪರಿಶಿಷ್ಟದಲ್ಲಿ ಟ್ಯಾಕ್ಸಿ, ಊಟದ ಡೆಲಿವರಿಗಳ ಜೊತೆಗೆ ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳ ಹೆಸರೂ ಇದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನೂ ಆ ದಾರಿಯಲ್ಲೇ ನಡೆದಿದೆ. ಕ್ಯಾಮೆರಾದ ಮುಂದೆ ಹಾಡುವವಳು, ಹರಟುವವಳು, ಕುಣಿಯುವವಳು ಈ ಪಟ್ಟಿಯೊಳಗೆ ಕಾರ್ಮಿಕಳಾಗಿ ಬರುತ್ತಾಳೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಆಕೆ ತೋರಿಸುವುದು ಸಭ್ಯವೋ ಅಸಭ್ಯವೋ ಎಂಬ ಜಗಳ ಅದರ ಪಾಡಿಗೆ ನಡೆಯಲಿ, ಗ್ರಾಂಟ್ ರೋಡಿನ ಕಾಲದಿಂದಲೂ ಅದು ತೀರಿಲ್ಲ. ಆದರೆ ಆ ಜಗಳ ತೀರುವವರೆಗೆ ದುಡಿದವಳ ಲೆಕ್ಕ ಚುಕ್ತಾ ಮಾಡದೆ ಕೂರಿಸುವುದಕ್ಕೆ ಯಾವ ನೀತಿಯ ಸಮರ್ಥನೆಯೂ ಇಲ್ಲ.